ಏಳು ಬೆಳಗಿನ ಕಾರ್ಡ್

"ಆ ಸಾಕ್ಸ್ ಕೆಳಗೆ ಇಡಿ."

ಬಚ್ಚಲಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಗಂಡಸು ತಲೆ ಎತ್ತಿದ. ಮೊಣಕೈವರೆಗೂ ಸೋಪಿನ ನೊರೆ. ಪಕ್ಕದ ಬಕೆಟ್‌ನಲ್ಲಿ ಇಡೀ ತಂಡದ ಕೆಸರು ಸಾಕ್ಸ್.

"ಹುಡುಗರು ಹೇಳಿದ್ರಾ ತೊಳೀಲಿಕ್ಕೆ? ಈ ಹಾಸ್ಟೆಲ್‌ಗೆ ಧೋಬಿ ಬರುವ ಹಾಗಿಲ್ಲ, ಅವರವರ ಬಟ್ಟೆ ಅವರೇ ತೊಳೀಬೇಕು. ಗೇಟಲ್ಲಿ ಬೋರ್ಡ್ ಉಂಟು, ನೋಡ್ಲಿಲ್ವಾ?"

"ನಾ ಧೋಬಿ ಅಲ್ರಿ ಮೇಡಂ."

"ಮತ್ತೆ?"

"ಹೊಸಾ ಕೋಚ್ರಿ. ಕಿಶೋರ ಅಂತ."

ಹರಿಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬದಲಿಗೆ ಸಿಟ್ಟು ಇಮ್ಮಡಿಯಾಯಿತು.

"ಹಾಗಾದ್ರೆ ಇನ್ನೂ ತಪ್ಪು," ಅಂದಳು.

ಅವನು ನಕ್ಕ. ಕಿವಿಯ ಪಕ್ಕದ ನರೆಗೂದಲ ಕೆಳಗೆ, ಕೆನ್ನೆಯ ಮೇಲೆ, ಒಂದು ಚೂರು ನೊರೆ ಅಂಟಿತ್ತು. ಅದನ್ನು ಒರೆಸಿಕೊಳ್ಳಿ ಎಂದು ಹೇಳಬೇಕೋ ಬೇಡವೋ ಎಂದು ಅವಳು ಇಡೀ ದಿನ ಯೋಚಿಸಿದಳು... ಹೇಳಿರಲಿಲ್ಲ.

ಹೀಗೆ ಶುರುವಾಗಿತ್ತು ಅವರ ಜಗಳ.

ಸಾಂತಾಕ್ರೂಜ್‌ನ ಆ ಹಾಸ್ಟೆಲ್ ನಗರದ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್‌ಗೆ ಸೇರಿದ್ದು. ಹದಿನಾರು, ಹದಿನೇಳರ ಹುಡುಗರು ಎಲ್ಲೆಲ್ಲಿಂದಲೋ ಆಯ್ಕೆಯಾಗಿ ಬಂದವರು. ಕಾಲಿನಲ್ಲಿ ಜಾದೂ ಇತ್ತು. ತಲೆ ಮಾತ್ರ ಇನ್ನೂ ಅಮ್ಮನ ಅಡುಗೆಮನೆಯಲ್ಲೇ ಇತ್ತು. ಆಟ ಕಲಿಸುವುದು ಕೋಚ್ ಕೆಲಸ. ಅವರನ್ನು ದೊಡ್ಡವರನ್ನಾಗಿ ಮಾಡುವುದು ಹರಿಣಿಯ ಕೆಲಸ. ಹಾಸಿಗೆ ಮಡಚುವುದು, ಕ್ಲಾಸಿಗೆ ಹೋಗುವುದು, ಸೋತಾಗ ಬಾಯಿ ಮುಚ್ಚಿಕೊಂಡಿರುವುದು, ಗೆದ್ದಾಗಲೂ ಮುಚ್ಚಿಕೊಂಡಿರುವುದು.

ಸೀನಿಯರ್ ತಂಡದ ಕ್ಯಾಂಪಿಗೆ ಹುಡುಗನೊಬ್ಬ ಹೋಗಬೇಕಾದರೆ ಎರಡು ಸಹಿ ಬೇಕು. ಒಂದು ಕೋಚ್‌ದು, ಇನ್ನೊಂದು ಅವಳದು.

ಅವಳ ಸಹಿಗೆ ಒಂದು ಷರತ್ತಿತ್ತು. ಅವಳ ಅಪ್ಪ ಶೇಖರ, ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷಗಳಿಂದ ಮ್ಯಾನೇಜರ್. ಅಲ್ಲೊಂದು ಪದ್ಧತಿ. ಯಾರೇ ಕೆಲಸಕ್ಕೆ ಸೇರಲಿ, ಸಾಹುಕಾರರ ಮಗನೇ ಆಗಲಿ, ಮೊದಲು ಟೇಬಲ್ ಒರೆಸಬೇಕು. ಆಮೇಲೆ ಉಳಿದದ್ದು. ಹರಿಣಿ ಅದನ್ನೇ ಕ್ಲಬ್‌ಗೆ ತಂದಿದ್ದಳು. ಕ್ಯಾಂಪಿಗೆ ಹೋಗುವ ಮುಂಚೆ ಪ್ರತಿ ಹುಡುಗ ಒಬ್ಬನೇ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ, ಏಳು ಬೆಳಗ್ಗೆ ಆರರಿಂದ ಎಂಟರವರೆಗೆ ಟೇಬಲ್ ಒರೆಸಬೇಕು. ದಿನಕ್ಕೊಂದರಂತೆ ಅಪ್ಪ ಕಾರ್ಡಿನ ಮೇಲೆ ಸಹಿ ಹಾಕುತ್ತಿದ್ದರು. ನಿರ್ದೇಶಕಿ ಜ್ಯೋತ್ಸ್ನಾ ಮೇಡಂ ಮೊದಲು ನಕ್ಕರು, ಆಮೇಲೆ ಒಪ್ಪಿದರು.

ಕಿಶೋರ ಒಪ್ಪಲಿಲ್ಲ.

"ಮೇಡಂ, ಕಾಲಿಲೆ ಆಡೂ ಹುಡುಗ್ರ ಕೈಯಾಗ ಬಟ್ಟಿ ಯಾಕ್ರಿ ಕೊಡ್ತೀರಿ?"

"ಕೈಗೂ ಏನಾದ್ರೂ ಬರ್ಲಿ ಅಂತ. ಅಂಪೈರ್ ಮೇಲೆ ಶರ್ಟ್ ಬಿಸಾಡೋದು ಬಿಟ್ಟು."

"ಫುಟ್‌ಬಾಲ್‌ನ್ಯಾಗ ಅಂಪೈರ್ ಇರಂಗಿಲ್ರಿ. ರೆಫರಿ."

"ಯಾರ ಮೇಲೆ ಬಿಸಾಡಿದ್ರೂ ಶರ್ಟ್ ಶರ್ಟೇ."

ಶರ್ಟ್ ಎಸೆದವನು ಯಲ್ಲಾಲಿಂಗ. ವಿಜಯಪುರ ಕಡೆಯ ಹುಡುಗ, ಹದಿನೇಳು ವರ್ಷ. ಚೆಂಡು ಸಿಕ್ಕರೆ ಮೂರು ಜನರನ್ನು ದಾಟಿ ಹೋಗುತ್ತಿದ್ದ. ಅಲಾರ್ಮ್ ಹೊಡೆದರೆ ಮಗ್ಗುಲು ಬದಲಿಸುತ್ತಿದ್ದ. ಅವನ ಬೂಟಿನ ಲೇಸ್ ಹರಿದರೆ ಕಿಶೋರ ಹೊಸದು ತರುತ್ತಿದ್ದ. ಕ್ಲಾಸ್ ತಪ್ಪಿಸಿದರೆ ಟೀಚರ್ ಹತ್ತಿರ ಕಿಶೋರ ಹೋಗಿ ಮಾತಾಡುತ್ತಿದ್ದ.

'ಇವರು ಕೋಚಾ, ಆಯಾನಾ?' ಹರಿಣಿ ಹಲ್ಲು ಕಚ್ಚುತ್ತಿದ್ದಳು.

ಆದರೂ... ಪ್ರತಿ ಸಲ ಊರಿಗೆ ಹೋಗಿ ಬಂದಾಗ ಅವನು ಬೆಳಗಾವಿಯ ಕುಂದಾ ತರುತ್ತಿದ್ದ. ತಾನೇ ಕೊಡುವುದಿಲ್ಲ. ಯಲ್ಲಾಲಿಂಗನ ಕೈಯಲ್ಲಿ ಕಳಿಸುತ್ತಿದ್ದ. "ಅಕ್ಕಾರ, ಸರ್ ಕೊಟ್ಟಾರ." ಸಂಜೆ ಅವಳು ಸ್ಟೇಷನ್ನಿಗೆ ಹೊರಟರೆ ಅವನಿಗೂ ಅದೇ ಹೊತ್ತಿಗೆ ಆ ಕಡೆ ಏನೋ ಕೆಲಸ ಬರುತ್ತಿತ್ತು. ಪ್ಲಾಟ್‌ಫಾರ್ಮಿನ ತನಕ ಜಗಳ ಆಡುತ್ತ ಬರುತ್ತಿದ್ದ. ಗಾಡಿ ಹೊರಟ ಮೇಲೆ ಅವನಿನ್ನೂ ನಿಂತಿದ್ದಾನಾ ಎಂದು ಅವಳು ನೋಡುತ್ತಿದ್ದಳು. ನಿಂತಿರುತ್ತಿದ್ದ.

'ಬೇಡ ಹರಿಣಿ. ತಲೆ ಸರಿ ಇಟ್ಟುಕೋ.'

ಏಪ್ರಿಲ್‌ನಲ್ಲಿ ಕ್ಯಾಂಪಿನ ಪಟ್ಟಿ ಬಂತು. ಹೆಸರು ಕಳಿಸಲು ಶನಿವಾರವೇ ಕೊನೆ. ಯಲ್ಲಾಲಿಂಗನ ಟೇಬಲ್ ವಾರ ಹಿಂದಿನ ಭಾನುವಾರ ಶುರುವಾಯಿತು. ಬುಧವಾರದ ಹೊತ್ತಿಗೆ ಕಾರ್ಡಿನ ಮೇಲೆ ನಾಲ್ಕು ಸಹಿ. ಹರಿಣಿಗೆ ನಂಬಿಕೆಯೇ ಬರಲಿಲ್ಲ. ಆ ಸೋಂಬೇರಿ, ನಾಲ್ಕು ದಿನ, ಆರು ಗಂಟೆಗೆ!

ಅಂದು ಊಟಕ್ಕೆ ಕೂತಾಗ ಅಪ್ಪ ತಾವಾಗಿಯೇ ಮಾತು ತೆಗೆದರು.

"ಈ ಸಲ ಕಳಿಸಿದ ಹುಡುಗ ಭಾರೀ ಒಳ್ಳೆಯವ ಮಗಾ. ಮೂಲೆ ಮೂಲೆ ಒರೆಸ್ತಾನೆ."

"ಹೌದಾ ಅಪ್ಪ?"

"ಆದ್ರೆ ಪಾಪ, ಎಂಥ ಟೆನ್ಶನ್ನೋ. ಕಿವಿ ಹತ್ರ ಕೂದಲೆಲ್ಲ ಬೆಳ್ಳಗಾಗಿದೆ."

ಹರಿಣಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಹದಿನೇಳಕ್ಕೇ ಹಾಗಾ ಅಂತ ಕೇಳ್ಬೇಕು ಅಂತಿದ್ದೆ. ಬೇಜಾರಾದೀತು ಅಂತ ಬಿಟ್ಟೆ."

ಅಪ್ಪನಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲ. ಮುಖ ನೋಡಿ ವಯಸ್ಸು ಹೇಳುವುದೂ ಗೊತ್ತಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ಗುರುವಾರ ಬೆಳಿಗ್ಗೆ ಆರೂಕಾಲಿಗೆ ಹರಿಣಿ ಹೋಟೆಲಿನ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಕಿಶೋರ ಮೂರನೇ ಟೇಬಲ್ ಒರೆಸುತ್ತಿದ್ದ. ನಿಜಕ್ಕೂ ಮೂಲೆ ಮೂಲೆ.

"ಕೋಚ್ ಸರ್."

ಅವನ ಕೈ ನಿಂತಿತು.

"ಮೇಡಂ, ಹೇಳ್ತೇನಿ..."

"ಹೇಳಿ. ಕೇಳ್ಲಿಕ್ಕೇ ಬಂದದ್ದು."

"ಮೊದಲನೇ ದಿನ ಆ ಮಗ ಏಳಲೇ ಇಲ್ರಿ. ಒಂದ್ ದಿನ ಮುಂದ ಹಾಕ್ರಿ ಅಂತ ಹೇಳಾಕ ನಾ ಬಂದ್ನಿ. ಬಾಯಿ ತಗಿಯೂದರಾಗ ನಿಮ್ಮಪ್ಪಾರು ಕೈಯಾಗ ಬಟ್ಟಿ ಕೊಟ್ರು. 'ಲೇಟ್ ಆಯ್ತು, ಮೊದ್ಲು ಒರೆಸು' ಅಂದ್ರು. ಒರಸಿದ್ನಿ."

"ಎರಡನೇ ದಿನ?"

ಅವನು ಬಟ್ಟೆಯನ್ನು ಮಡಚತೊಡಗಿದ.

"ಮೂರನೇ ದಿನ? ನಾಲ್ಕನೇದು? ಐದನೇ ದಿನವೂ ಬಂದಿದ್ದೀರಲ್ಲ ಮಾರಾಯ್ರೆ?"

"ಅವನ ಹೆಸರು ತಪ್ಪಬಾರದ್ರಿ." ಕಿಶೋರನ ದನಿ ಇಳಿಯಿತು. "ನಾನೂ ಹದಿನೇಳಕ್ಕ ಮುಂಬೈಗೆ ಆಡಾಕ ಬಂದಾವ. ಬೈಕುಲ್ಲಾದಾಗ ಒಂದ್ ವರ್ಕ್‌ಶಾಪ್ ಮ್ಯಾಲಿನ ಖೋಲಿ ಕೊಟ್ಟಿದ್ರು. ನಾಕ್ ದಿನ ಜ್ವರ ಬಂತು. ಯಾರಿಗೆ ಹೇಳಬೇಕು ಅನ್ನೂದ ಗೊತ್ತಿರಲಿಲ್ಲ. ಐದನೇ ದಿನ ಗ್ರೌಂಡಿಗೆ ಹೋದ್ರ ನನ್ನ ಕಿಟ್ ಬ್ಯಾಗ್ ಗೇಟಿನ ಹೊರಗ ಇತ್ತು. ಆಟ ಬರೂದಿಲ್ಲ ಅಂತ ಕಳಿಸಿದ್ರ ಸುಮ್ನ ಇರ್ತಿದ್ನಿ ಮೇಡಂ. ಪ್ರಾಕ್ಟೀಸಿಗೆ ಬರ್ಲಿಲ್ಲ ಅಂತ ಕಳಿಸಿದ್ರು."

ಹರಿಣಿ ಎದುರಿನ ಕುರ್ಚಿ ಎಳೆದು ಕೂತಳು. ಆದರೂ ಬಿಡಲಿಲ್ಲ.

"ಹಾಸ್ಟೆಲ್‌ನಲ್ಲಿ ನನಗೂ ಅಂಥ ಒಬ್ಬ ಹುಡುಗ ಇದ್ದ. ಮನೀಶ್ ಅಂತ. ಎರಡು ವರ್ಷದ ಹಿಂದೆ. ತಯಾರಿರಲಿಲ್ಲ ಅಂತ ಗೊತ್ತಿತ್ತು. ಪಾಪ ಅಂತ ಸಹಿ ಹಾಕಿದೆ. ಸೀನಿಯರ್ ತಂಡದಲ್ಲಿ ಆರು ಮ್ಯಾಚ್ ಬೆಂಚಿನ ಮೇಲೆ ಕೂರಿಸಿದ್ರು. ಅವನಿಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ. ಆಟವನ್ನೇ ಬಿಟ್ಟ. ಈಗ ನನ್ನ ಫೋನ್ ಎತ್ತೋದಿಲ್ಲ." ಅವಳು ಉಸಿರು ಎಳೆದುಕೊಂಡಳು. "ಅಲ್ಲಿ ಯಲ್ಲಾಲಿಂಗನ ಸಾಕ್ಸ್ ಯಾರು ತೊಳೀತಾರೆ? ನೀವು ಅಲ್ಲಿಗೂ ಹೋಗ್ತೀರಾ?"

ಕಿಶೋರ ಒರೆಸಿದ ಮೂಲೆಯನ್ನೇ ಮತ್ತೊಮ್ಮೆ ಒರೆಸಿದ.

ಅವಳೊಳಗೆ ಇನ್ನೊಂದು ಪ್ರಶ್ನೆ ಕುದಿಯುತ್ತಿತ್ತು. ಅದನ್ನು ಕೇಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಕೇಳಿಬಿಟ್ಟಳು.

"ಆ ಕುಂದಾ, ಆ ಸ್ಟೇಷನ್ ತನಕ ಬರೋದು... ಎಲ್ಲ ಈ ಒಂದು ಸಹಿಗಾ?"

ಅವನ ಮುಖದ ಬಣ್ಣ ಹೋಯಿತು. "ಹರಿಣಿ ಅವರ..."

"ಅರೇ ಭಾಯ್," ಮೂಲೆಯಿಂದ ಗಿರಾಕಿಯೊಬ್ಬ ಕೂಗಿದ, "ಟೇಬಲ್ ಸಾಫ್ ಕರೋ!"

ಅಭ್ಯಾಸಬಲದಿಂದ ಕಿಶೋರ ಆ ಕಡೆ ಹೋಗಿಯೇಬಿಟ್ಟ.

ಅವನು ತಿರುಗಿ ಬರುವಷ್ಟರಲ್ಲಿ ಹರಿಣಿ ಹೊರಟುಹೋಗಿದ್ದಳು. ಲೋಕಲ್‌ನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತು ಕಣ್ಣೊರೆಸಿಕೊಂಡಳು. ಅಳುವಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ರೇಗುತ್ತಿತ್ತು. ಒಂದು ಡಬ್ಬಿ ಕುಂದಾಕ್ಕೆ ಇಷ್ಟೊಂದು ಅರ್ಥ ಹಚ್ಚಿಕೊಂಡೆನಲ್ಲ...

ಶುಕ್ರವಾರ ಜ್ಯೋತ್ಸ್ನಾ ಮೇಡಂ ಕರೆದು ಒಂದು ಪತ್ರ ಮುಂದಿಟ್ಟರು. ಕಿಶೋರನ ಕೈಬರಹ.

'ನಾಲ್ಕು ದಿನ ಹೋಟೆಲಿನಲ್ಲಿ ಕೆಲಸ ಮಾಡಿದ್ದು ಹುಡುಗನಲ್ಲ, ನಾನು. ಐದನೆಯ ದಿನ ಹರಿಣಿಯವರು ಹಿಡಿದರು. ಹಿಡಿಯದಿದ್ದರೆ ಏಳೂ ದಿನ ಮಾಡುತ್ತಿದ್ದೆ. ಈ ಪಟ್ಟಿಯಿಂದ ಯಲ್ಲಾಲಿಂಗನ ಹೆಸರು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಮೇಲೆ ಏನು ಕ್ರಮ ಕೈಗೊಂಡರೂ ಒಪ್ಪಿಗೆ.'

ಹರಿಣಿ ಎರಡು ಸಲ ಓದಿದಳು. ಸಹಿಗಾಗಿ ನಾಟಕ ಆಡಿದವನು ಸಹಿಯನ್ನೇ ಬೇಡ ಎನ್ನುತ್ತಾನಾ?

"ಎಚ್ಚರಿಕೆ ಪತ್ರ ಕೊಟ್ಟಿದ್ದೇನೆ," ಅಂದರು ಮೇಡಂ. "ಮುಂದಿನ ಪಟ್ಟಿ ಹದಿನೈದು ದಿನಕ್ಕೆ. ಆ ಹುಡುಗನನ್ನು ನೀನು ನೋಡಿಕೋ."

ಹುಡುಗ ತಾನಾಗಿಯೇ ಹರಿಣಿಯ ಕೋಣೆಗೆ ನುಗ್ಗಿ ಬಂದ. ಬಾಗಿಲು ಬಡಿದ ಸದ್ದಿಗೆ ಗೋಡೆಯ ಕ್ಯಾಲೆಂಡರ್ ಅಲ್ಲಾಡಿತು.

"ಅಕ್ಕಾರ, ನನ್ನ ಹೆಸರು ಯಾಕ ತಗದ್ರಿ? ಟೇಬಲ್ ಒರಸಾಕ ಬಂದೇನೇನ್ ನಾ ಮುಂಬೈಗೆ?"

"ಬಾಗಿಲು ಹಾಕಿ, ತಟ್ಟಿ ಒಳಗೆ ಬಾ."

ಅವನು ಹೊರಗೆ ಹೋಗಿ, ತಟ್ಟಿ, ಒಳಗೆ ಬಂದ. ಮೂಗು ಇನ್ನೂ ಅರಳಿತ್ತು.

"ಕ್ಯಾಂಪಲ್ಲಿ ನಿನ್ನನ್ನ ಬೆಂಚಿನ ಮೇಲೆ ಕೂರಿಸಿದ್ರೆ ಯಾರ ಮೇಲೆ ಶರ್ಟ್ ಬಿಸಾಡ್ತೀಯ?"

"ಸರ್ ನಂಗ ಟೇಬಲ್ ಮಾಫಿ ಕೊಡಸ್ಯಾರ. ಅವರ ಹೇಳಿದ್ರು, ನಾ ನೋಡ್ಕೋತೀನಿ ಅಂತ."

ಹರಿಣಿ ಅವನನ್ನೇ ನೋಡಿದಳು. ಇವನಿಗೆ ಗೊತ್ತೇ ಇಲ್ಲ.

"ಮಾಫಿ ಕೊಡಿಸ್ಲಿಲ್ಲ ಯಲ್ಲಾ. ನೀನು ಮಲಗಿದ್ದಾಗ ನಿನ್ನ ಸರ್ ಐದು ಗಂಟೆಗೆ ಎದ್ದು ಹೋಗಿ ಆ ಟೇಬಲ್ ಒರೆಸಿದ್ರು. ನಾಲ್ಕು ದಿನ."

"ಸರ್?"

"ಹೆಗಲ ಮೇಲೆ ಬಟ್ಟೆ ಹಾಕ್ಕೊಂಡು."

ಹುಡುಗನ ಮೂಗು ಇಳಿಯಿತು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಪ್ಪನ ಫೋನ್.

"ಇನ್ನೊಬ್ಬ ಬಂದಿದ್ದಾನೆ ಮಾರಾಯ್ತಿ. ಇವ ಸಣ್ಣವ. ಟೇಬಲ್ ಒರೆಸು ಅಂದ್ರೆ ಅರ್ಧ ಕಸ ನೆಲಕ್ಕೆ, ಅರ್ಧ ಗಿರಾಕಿ ಮಡಿಲಿಗೆ. ಮೊದಲಿನವನೇ ಲಾಯಕ್ಕಿದ್ದ. ಅವನನ್ನ ವಾಪಸ್ ಕಳಿಸ್ತೀಯಾ?"

ಗುರುವಾರದ ನಂತರ ಮೊದಲ ಸಲ ಹರಿಣಿ ನಕ್ಕಳು.

ಆ ವಾರವಿಡೀ ಕಿಶೋರ ಅವಳ ಕಣ್ಣಿಗೆ ಬೀಳಲಿಲ್ಲ. ಸಂಜೆ ಸ್ಟೇಷನ್ನಿಗೆ ಒಬ್ಬಳೇ ನಡೆದಳು. ಜಗಳವಿಲ್ಲದ ದಾರಿ ಇಷ್ಟು ಉದ್ದವಿದೆ ಎಂದು ಅವಳಿಗೆ ತಿಳಿದಿರಲಿಲ್ಲ. 'ಬಂದು ಒಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತದೆ? ಊರವರ ಕೆಲಸವೆಲ್ಲ ಮಾಡ್ತಾರೆ, ಸ್ವಂತದ್ದು ಒಂದು ಮಾಡ್ಲಿಕ್ಕಾಗೋದಿಲ್ಲ!'

ಏಳನೇ ದಿನ, ಭಾನುವಾರ, ಅವಳು ಹೋಟೆಲಿಗೆ ಹೋದಳು. ಎದುರಿನ ಫುಟ್‌ಪಾತ್ ಮೇಲೆ, ಹೂವಿನ ಅಂಗಡಿಯ ಪಕ್ಕ, ಕಿಶೋರ ನಿಂತಿದ್ದ. ಎರಡೂ ಕೈ ಜೇಬಿನಲ್ಲಿ.

"ಒಳಗೆ ಹೋಗ್ಲಿಲ್ವಾ?"

"ಇಲ್ರಿ. ಏಳ್ ದಿನದಿಂದ ಇಲ್ಲೇ ನಿಂತ್ ಹೋಗಾಕತ್ತೇನಿ. ಕೈ ಸುಮ್ನ ಇರೂದಿಲ್ಲ, ಅದಕ್ಕ ಜೇಬಿನಾಗ ಇಟ್ಟೇನಿ."

ಒಳಗೆ ತಟ್ಟೆ ಉರುಳಿದ ಸದ್ದು. ಯಲ್ಲಾಲಿಂಗನ ಮೊಣಕೈ ತಾಗಿ ಗಿರಾಕಿಯೊಬ್ಬರ ಸಾಂಬಾರು ಟೇಬಲ್ ತುಂಬ ಹರಡಿತ್ತು. "ಅಂಧಾ ಹೈ ಕ್ಯಾ? ಕಹಾಂ ಸೇ ಆತೇ ಹೈಂ ಐಸೇ ಲೋಗ್!" ಕಣ್ಣು ಕಾಣಲ್ವಾ ಎಂಬ ಬೈಗುಳ ರಸ್ತೆಗೂ ಕೇಳಿಸಿತು.

ಹುಡುಗನ ಮುಷ್ಟಿ ಬಿಗಿಯಿತು.

ಕಿಶೋರ ಒಂದು ಹೆಜ್ಜೆ ಮುಂದಿಟ್ಟ. ಹರಿಣಿ ಅವನ ಮಣಿಕಟ್ಟು ಹಿಡಿದಳು.

"ನಿಲ್ಲಿ."

"ಅವ ಹೊಡದಾನ್ರಿ..."

"ನಿಲ್ಲಿ ಅಂದೆ."

ಇಬ್ಬರೂ ಉಸಿರು ಹಿಡಿದು ನೋಡಿದರು. ಯಲ್ಲಾಲಿಂಗ ಒಮ್ಮೆ ಕಣ್ಣು ಮುಚ್ಚಿದ. ಮುಷ್ಟಿ ಬಿಚ್ಚಿ ಬಟ್ಟೆ ತೆಗೆದುಕೊಂಡ. ಟೇಬಲ್ ಒರೆಸಿದ. ಮೂಲೆಯನ್ನೂ ಒರೆಸಿದ. "ಸಾರಿ ಕಾಕಾ, ದೂಸ್ರಾ ಲಾತಾ ಹೂಂ," ಎಂದು ಬೇರೆ ಸಾಂಬಾರು ತರಲು ಒಳಗೆ ಹೋದ.

ಕಿಶೋರನ ಕಣ್ಣು ತುಂಬಿತ್ತು. ಬೇರೆ ಕಡೆ ತಿರುಗಿದ.

"ಈ ಸಲ ಸಹಿ ಹಾಕ್ತೇನೆ," ಅಂದಳು ಹರಿಣಿ. ಅವಳ ಕೈ ಇನ್ನೂ ಅವನ ಮಣಿಕಟ್ಟಿನ ಮೇಲೇ ಇತ್ತು. ತೆಗೆಯಬೇಕು ಎಂದು ಇಬ್ಬರಿಗೂ ಅನ್ನಿಸಲಿಲ್ಲ.

"ಸಹಿಗಲ್ರಿ," ಅವನು ಮೆಲ್ಲಗೆ ಅಂದ. "ಆ ದಿನ ಕೇಳಿದ್ರಲ್ಲ, ಅದಕ್ಕ ಉತ್ತರ. ಸಹಿಗಲ್ಲ."

"ಮತ್ತೆ ಯಾತಕ್ಕೆ?"

"ಯಲ್ಲಾನ ಕೈಲೆ ಹೇಳಿ ಕಳಸ್ಲೇನ್ರಿ?"

"ಕಿಶೋರ್!" ಅವಳಿಗೆ ನಗುವೂ ಬಂತು, ರೇಗಿಯೂ ಹೋಯಿತು. "ಇದೊಂದನ್ನಾದ್ರೂ ನೀವೇ ಹೇಳಿ."

ಅವನು ದೀರ್ಘವಾಗಿ ಉಸಿರು ಬಿಟ್ಟ. "ಸಾಕ್ಸ್ ಕೆಳಗ ಇಡ್ರಿ ಅಂದ್ರಲ್ಲ, ಆವತ್ತಿಂದ ನೀವು ನನ್ನ ತಲಿಯಾಗ ಅದೀರಿ. ದಿನಾ ಬೈಸ್ಕೊಳ್ಳಾಕ ಸಿಗ್ತೀರೇನು, ಕಡೀತನಕ?"

ಹೂವಿನ ಅಂಗಡಿಯವಳು ಕನ್ನಡ ತಿಳಿಯದಿದ್ದರೂ ಕಟ್ಟುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಹರಿಣಿ ತಲೆ ತಗ್ಗಿಸಿದಳು. "ಅಪ್ಪನನ್ನ ಕೇಳ್ಬೇಕು. ನಮ್ಮಲ್ಲಿ ಪದ್ಧತಿ ಉಂಟಲ್ಲ. ಯಾರೇ ಬರ್ಲಿ..."

"ಮೊದಲ ಟೇಬಲ್." ಅವನ ಮುಖ ಅರಳಿತು. "ನಂದು ನಾಕ್ ದಿನ ಆಗೇತ್ರಿ. ಇನ್ನ ಮೂರ ಬಾಕಿ."

"ಇನ್ನೊಬ್ಬನ ಹೆಸರಲ್ಲಿ ಮಾಡಿದ್ದು ನಡೆಯೋದಿಲ್ಲ. ಮೊದಲಿನಿಂದ ಶುರು ಮಾಡ್ಬೇಕು."

"ಏಳೂ ದಿನಾ?"

"ಏಳೂ ದಿನ."

"ನೀವು ನೋಡಾಕ ಬರ್ತೀರೇನು?"

"ಬರ್ತೇನೆ," ಅಂದಳು ಹರಿಣಿ. "ಮೂಲೆ ಬಿಟ್ರೆ ಹೇಳ್ಲಿಕ್ಕೆ ಯಾರಾದ್ರೂ ಬೇಕಲ್ಲ."