ಮರಳುನಾಯಿ ಮತ್ತು ಕಳ್ಳಿಬೇಲಿ

ಬಹಳ ಹಿಂದೆ, ಮಳೆಗೆ ದಾರಿಯೇ ಗೊತ್ತಿಲ್ಲದ ಒಂದು ಬೆಂಗಾಡಿನ ರಾಜ್ಯವಿತ್ತು. ಅಲ್ಲಿ ಬಿಸಿಲಿಗಿಟ್ಟ ಕೊಡದಲ್ಲೇ ಬೇಳೆ ಬೇಯುತ್ತಿತ್ತು. ಕೋಳಿಗಳು ಒಂಟಿಕಾಲಲ್ಲಿ ನಿಲ್ಲುತ್ತಿದ್ದವು, ಇನ್ನೊಂದು ಕಾಲು ಆರಲಿ ಅಂತ. ಆದರೂ ಜನ ನಗುನಗುತ್ತಲೇ ಇದ್ದರು. ಅಮಾವಾಸ್ಯೆ ಬಂದರೆ ಮಾತ್ರ ಯಾರ ಬಾಯಲ್ಲೂ ನಗುವಿರಲಿಲ್ಲ.

ಆ ರಾಜ್ಯದ ಅಂಚಿನಲ್ಲಿ ಬಿರುಗಣ್ಣ ಎಂಬ ಮಾಂತ್ರಿಕನಿದ್ದ. ಅವನ ಮೈಯೆಲ್ಲ ಮರಳು, ಕಣ್ಣಿಗೆ ರೆಪ್ಪೆಯೇ ಇಲ್ಲ. ಅವನು ಸಾಕಿದ ನಾಯಿಯೂ ಮರಳಿನದೇ, ಒಂಟೆಯಷ್ಟು ಎತ್ತರದ್ದು. ಅದು ಬೊಗಳುತ್ತಿರಲಿಲ್ಲ. ನಡೆದರೆ ಸರ್ ಸರ್ ಅನ್ನುತ್ತಿತ್ತು, ಅಷ್ಟೇ. ಅಮಾವಾಸ್ಯೆಯ ನಡುಮಧ್ಯಾಹ್ನ, ನೆರಳು ಕೂಡ ಹೆದರಿ ಕಾಲಡಿ ಅಡಗುವ ಹೊತ್ತಿಗೆ, ಅವನು ಅದನ್ನು ಬಿಡುತ್ತಿದ್ದ. ಅದು ಬೇಲಿ ದಾಟಿ ಒಬ್ಬರನ್ನು ನೆಕ್ಕುತ್ತಿತ್ತು. ಒಮ್ಮೆ ನೆಕ್ಕಿದರೆ ಪಾದ ಮರಳು. ಮುಂದಿನ ಅಮಾವಾಸ್ಯೆಗೆ, ಎರಡನೇ ಸಲಕ್ಕೆ, ಮಂಡಿಯವರೆಗೆ ಮರಳು. ಮೂರನೇ ಸಲಕ್ಕೆ ಇಡೀ ಮನುಷ್ಯ ಮರಳಾಗಿ ಅದರ ಹೊಟ್ಟೆ ಸೇರುತ್ತಿದ್ದ. ಒಮ್ಮೆ ನೆಕ್ಕಿದವರನ್ನು ಅದು ಬಿಡುತ್ತಲೇ ಇರಲಿಲ್ಲ.

ಆ ರಾಜ್ಯದ ಒಂದು ಊರಿಗೆ ಅಕ್ಕ ತಮ್ಮ ಇಬ್ಬರು ಹೊಸದಾಗಿ ಬಂದು ಮನೆ ಕಟ್ಟಿದರು. ಅಕ್ಕ ಸಂಕವ್ವ, ತಮ್ಮ ದುಗ್ಗ. ದುಗ್ಗನಿಗೆ ಬಾಯಿ ಉದ್ದ, ಧೈರ್ಯ ಗಿಡ್ಡ.

"ಬೇಲಿ ಯಾವುದರದ್ದು ಹಾಕ್ತೀಯೋ?" ಅಂದಳು ಅಕ್ಕ. "ಪಕ್ಕದ ಮನೆಯವರದ್ದು ಕಬ್ಬಿಣದ್ದು. ಬಿಸಿಲಿಗೆ ಕಾದ ಆ ಬೇಲಿಗೆ ಗಿಡ್ಡಜ್ಜ ಒರಗಿ ಬೆನ್ನು ಸುಟ್ಟುಕೊಂಡು ಕುಣೀತಿದ್ರೆ, ನಾಯಿ ಒಳಗೆ ಹೋಗಿ ಅಜ್ಜಿಯನ್ನ ಮೂರನೇ ಸಲ ನೆಕ್ಕಿ ಹೊತ್ಕೊಂಡು ಹೋಯ್ತಂತೆ."

"ನಮ್ಮದು ತೇಗದ್ದು ಅಕ್ಕಾ! ರಾಜನೇ ಬಂದು ಅಳತೆ ತಗೊಂಡು ಹೋಗಬೇಕು, ಹಂಗಿರುತ್ತೆ."

ತೇಗದ ಹಲಗೆ ಬಂತು, ಬೇಲಿ ನಿಂತಿತು. ಬಿಸಿಲು ಅದನ್ನು ಒಣಗಿಸಿತು, ಬಿರಿಸಿತು. ಅಮಾವಾಸ್ಯೆಯ ಮಧ್ಯಾಹ್ನ ಸರ್ ಸರ್ ಎಂದು ಬಂದ ನಾಯಿ ಒಂದು ಬಿರುಕಿಗೆ ಮೂಗಿಟ್ಟಿತು. ಜರಡಿಯಲ್ಲಿ ಹಿಟ್ಟು ಇಳಿದಂತೆ ಒಳಗೆ ಇಳಿದು, ಮತ್ತೆ ನಾಯಿಯಾಗಿ ಎದ್ದು ನಿಂತಿತು. ಸಂಕವ್ವನ ಪಾದ ನೆಕ್ಕಿ ಹೋಯಿತು. ದುಗ್ಗ ಕಾಳು ತುಂಬುವ ನೆಲದಡಿಯ ಹಗೇವಿನಲ್ಲಿ ಅಡಗಿ ಕೂತಿದ್ದ.

"ಬಿರುಕು ಇರೋದೇ ಬೇಡ. ಕಲ್ಲಿನದ್ದು ಕಟ್ತೀನಿ," ಅಂದ.

ಕಲ್ಲಿನ ಗೋಡೆ ಎದ್ದಿತು. ಇರುವೆಗೂ ಸಂದು ಸಿಗದ ಗೋಡೆ. ಆದರೆ ಬೀಸೋ ಗಾಳಿಗೂ ಸಂದಿಲ್ಲವಲ್ಲ, ಅದು ತಂದ ಮರಳನ್ನೆಲ್ಲ ಗೋಡೆಯ ಬುಡಕ್ಕೇ ಸುರಿಯಿತು. ದಿನಾ ಸುರಿಯಿತು. ಅಮಾವಾಸ್ಯೆಗೆ ಹೊರಗಡೆ ಗೋಡೆಯ ತಲೆಯವರೆಗೆ ದಿಬ್ಬ ನಿಂತಿತ್ತು. ನಾಯಿ ಅದನ್ನು ಹತ್ತಿ, ಅಂಗಳಕ್ಕೆ ಜಿಗಿದು, ಸಂಕವ್ವನನ್ನು ಮಂಡಿಯವರೆಗೆ ನೆಕ್ಕಿತು. ಗೋಡೆಯ ಆಚೆಯಿಂದ ಬಿರುಗಣ್ಣ ಕೂಗಿದ: "ಇನ್ನೊಂದೇ ಸಲ ಕಣವ್ವಾ! ಆಮೇಲೆ ನೋವೇ ಇರೋದಿಲ್ಲ!"

ಅವತ್ತಿನಿಂದ ಗಾಳಿ ಬೀಸಿದಾಗೆಲ್ಲ ಸಂಕವ್ವನ ಕಾಲಿನಿಂದ ಮರಳು ಉದುರುತ್ತಿತ್ತು. ಅವಳು ಅದನ್ನು ಮೊರದಲ್ಲಿ ಬಾಚಿ ಮತ್ತೆ ಮತ್ತೆ ಕಾಲಿಗೆ ಮೆತ್ತಿಕೊಳ್ಳುತ್ತಿದ್ದಳು. ದುಗ್ಗ ಅದನ್ನು ನೋಡಲಾರದೆ ಹಿತ್ತಿಲಿಗೆ ಹೋಗಿ ಕೂರುತ್ತಿದ್ದ.

ಒಂದು ದಿನ ಹಿತ್ತಿಲ ಕಳ್ಳಿಗಿಡಕ್ಕೆ ಮೇಕೆಯೊಂದು ಮೈ ಉಜ್ಜಿತು. ಕೊಂಬೆ ಮುರಿಯಿತು. ಬಿಳಿ ಹಾಲು ತೊಟ್ಟಿಕ್ಕಿ ಪಕ್ಕದಲ್ಲೇ ಕೂತಿದ್ದ ಸಂಕವ್ವನ ಕಾಲ ಮೇಲೆ ಬಿತ್ತು. ಬಿದ್ದ ಕಡೆ ಮರಳು ಅಂಟಿ ಗಟ್ಟಿಯಾಯಿತು. ಗಾಳಿ ಬೀಸಿದರೂ ಒಂದು ಕಣ ಉದುರಲಿಲ್ಲ.

"ಲೋ ದುಗ್ಗಾ!" ಸಂಕವ್ವ ಕಿರುಚಿದಳು. "ಕಳ್ಳಿಬೇಲಿ ಹಾಕೋ!"

"ಥೂ, ಅದು ಗತಿಯಿಲ್ಲದವರ ಬೇಲಿ. ಊರು ನಗುತ್ತೆ."

"ನಗಲಿ. ನಗೋಕೆ ನಾನೂ ಇರಬೇಕಲ್ಲೋ, ಮುಂಡೇದೇ! ಕಡಿದ ಕೂಡಲೇ ನೆಡಬೇಡ. ಒಂದು ವಾರ ನೆರಳಲ್ಲಿಟ್ಟು ಗಾಯ ಒಣಗಿಸು. ಹಾಲು ಕಣ್ಣಿಗೆ ಬಿದ್ದರೆ ಕುರುಡಾಗ್ತೀಯ, ಜೋಕೆ."

ದುಗ್ಗ ಕಲ್ಲಿನ ಗೋಡೆ ಕೆಡವಿದ, ಕಳ್ಳಿ ಕಡಿದ, ಒಣಗಿಸಿದ, ಮನೆಯ ಸುತ್ತ ಒತ್ತೊತ್ತಾಗಿ ನೆಟ್ಟ. ಮುಂಬಾಗಿಲ ಎದುರಿಗೆ ಮಾತ್ರ ಒಂದಿಷ್ಟು ಕಡಿಮೆ ಬಿತ್ತು. ಮತ್ತೆ ಒಂದು ವಾರ ಯಾರು ಕಾಯುತ್ತಾರೆ? ಹಸಿಯದನ್ನೇ ಕಡಿದು ಚುಚ್ಚಿದ. ಅಕ್ಕನ ಮೇಲಿನ ಪ್ರೀತಿಗೆ ದಿನಾ ನೀರನ್ನೂ ಸುರಿದ.

ಒಣಗಿಸಿ ನೆಟ್ಟದ್ದೆಲ್ಲ ಬೇರು ಬಿಟ್ಟಿತು. ಗಾಳಿ ಅದರ ಸಂದಿನಲ್ಲಿ ನುಸುಳಿ ಹೋಯಿತು, ಎಲ್ಲೂ ದಿಬ್ಬ ಏಳಲಿಲ್ಲ. ಅಮಾವಾಸ್ಯೆಯ ಬೆಳಗ್ಗೆ ದುಗ್ಗ ಮುಂಬಾಗಿಲಿಗೆ ಬಂದು ನೋಡಿದ. ಹಸಿಯಾಗಿ ನೆಟ್ಟ ಕಳ್ಳಿಯೆಲ್ಲ ಬುಡ ಕೊಳೆತು ನೆಲಕ್ಕೆ ಬಿದ್ದಿತ್ತು. ಬಾಗಿಲಿಗೆ ನೇರವಾಗಿ ಒಬ್ಬ ಮನುಷ್ಯ ಮಲಗುವಷ್ಟು ಅಗಲದ ಬಯಲು.

"ಒಣಗಿಸಿದ್ಯೇನೋ?" ಒಳಗಿಂದ ಅಕ್ಕ ಕೇಳಿದಳು.

ದುಗ್ಗ ಕೊಳೆತ ಕೊಂಬೆಯೊಂದನ್ನು ಕಾಲಲ್ಲಿ ತಳ್ಳಿದ. "ಇಲ್ಲಕ್ಕಾ."

ಸಂಕವ್ವ ಬೈಯಲಿಲ್ಲ. ಅದನ್ನು ಕಂಡೇ ದುಗ್ಗನಿಗೆ ಇನ್ನೂ ಭಯವಾಯಿತು.

ಸೂರ್ಯ ನೆತ್ತಿಗೆ ಬರುತ್ತಿದ್ದ. ದುಗ್ಗ ಹಿತ್ತಿಲಿಗೆ ಓಡಿ ತೋಳು ತುಂಬ ಕಳ್ಳಿ ಕಡಿದು ತಂದ. ಅಕ್ಕ ಸೆರಗು ಹರಿದು ಅವನ ಕಣ್ಣಿಗೆ ಬಿಗಿದು ಕಟ್ಟಿದಳು.

"ಹೆದರಿಕೆ ಆಗಲ್ವೇನೋ?"

"ಆಗುತ್ತೆ. ಚಡ್ಡಿ ಒದ್ದೆಯಾದ್ರೆ ಯಾರಿಗೂ ಹೇಳಬೇಡ."

ಕಳ್ಳಿಯನ್ನು ತಬ್ಬಿಕೊಂಡು ಅವನು ಆ ಬಯಲಿಗೆ ಅಡ್ಡ ಮಲಗಿದ. ಕೋಳಿಗಳು ಸುಮ್ಮನಾದವು. ಗಾಳಿ ನಿಂತಿತು. ಕಣ್ಣು ಕಟ್ಟಿದ್ದರಿಂದ ಅವನಿಗೆ ಏನೂ ಕಾಣಿಸಲಿಲ್ಲ, ಕೇಳಿಸಿತು ಅಷ್ಟೇ. ಸರ್. ಸರ್. ಬೇಲಿಯ ಸುತ್ತ ಒಂದು ಸುತ್ತು. ಸರ್. ಕಾಲ ಬಳಿ. ಸರ್. ಮುಖದ ಮೇಲೆ ಬಿಸಿ ಮರಳು ಹನಿಹನಿಯಾಗಿ ಉದುರಿತು. ಅದು ನಾಯಿಯ ಜೊಲ್ಲು.

ಓಡಬೇಕು ಅನಿಸಿತು. ಓಡಲಿಲ್ಲ. ನಾಯಿ ಎದೆಯ ಮೇಲೆ ಕಾಲಿಟ್ಟಿತು. ದುಗ್ಗ ಕಳ್ಳಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದ. ಮುಳ್ಳು ಮೈಗಿಳಿಯಿತು, ಕೊಂಬೆಗಳು ಪಟಪಟ ಮುರಿದವು, ಹಾಲು ಚಿಮ್ಮಿತು. ನಾಯಿಯ ಕಾಲು ಅಂಟಿತು. ಕಿತ್ತುಕೊಳ್ಳಲು ಮೂಗು ಹಾಕಿತು, ಮೂಗೂ ಅಂಟಿತು. ಹೊರಳಿ ಬೇಲಿಗೆ ಬಿದ್ದು ಮೈಯೆಲ್ಲ ಹಾಲಾಯಿತು.

"ಬಾರೋ ನನ್ನ ಕಂದಾ!" ಬಿರುಗಣ್ಣ ಓಡಿಬಂದು ಬಾಲ ಹಿಡಿದು ಎಳೆದ. ಅವನ ಕೈ ಅಂಟಿತು. ತೋಳು ಅಂಟಿತು. ರೆಪ್ಪೆಯಿಲ್ಲದ ಕಣ್ಣಿಗೆ ಹಾಲು ಹಾರಿತು. ಒಂದು ಕೂಗು, ಅಷ್ಟೇ. ಮಾಂತ್ರಿಕ, ನಾಯಿ ಎರಡೂ ಸೇರಿ ಒಂದು ದೊಡ್ಡ ಹೆಂಟೆಯಾಗಿ ನಿಂತುಬಿಟ್ಟವು.

ಸಂಕವ್ವ ಕುಂಟುತ್ತ ಬಂದು ಒನಕೆ ಎತ್ತಿ ಒಂದೇ ಏಟು ಹಾಕಿದಳು. ಹೆಂಟೆ ಒಡೆಯಿತು. ಒಳಗಿಂದ ಮೈ ಕೊಡವಿಕೊಳ್ಳುತ್ತ ಜನ ಎದ್ದು ಬಂದರು. "ಒಲೆ ಮೇಲೆ ಸಾರಿಟ್ಟಿದ್ದೆ, ಉಕ್ಕಿ ಹೋಯ್ತೇನೋ," ಅನ್ನುತ್ತ ಗಿಡ್ಡಜ್ಜನ ಹೆಂಡತಿ ಮನೆಗೆ ಓಡಿದಳು. ಸಂಕವ್ವ ಕೆಳಗೆ ನೋಡಿದಳು. ಎರಡು ಕಾಲು, ಹತ್ತು ಬೆರಳು, ಎಲ್ಲ ಮಾಂಸದವೇ.

ಆಮೇಲೆ ಆ ರಾಜ್ಯದಲ್ಲಿ ಅರಮನೆಗೂ ಕಳ್ಳಿಬೇಲಿ ಬಂತು. ಅಮಾವಾಸ್ಯೆಯ ಮಧ್ಯಾಹ್ನ ಜನ ಬಾಗಿಲು ತೆರೆದಿಟ್ಟು ಗೊರಕೆ ಹೊಡೆದರು. ದುಗ್ಗನ ಮೈ ಮಾತ್ರ ಕಳ್ಳಿಹಾಲಿಗೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಉರಿಯಿತು. ಸಂಕವ್ವ ಕೂತು ಬೆಣ್ಣೆ ಹಚ್ಚಿದಳು. ಹಚ್ಚುತ್ತ ಬೈದಳು. ಬೈಯುತ್ತ ಅತ್ತಳು. ದುಗ್ಗ, "ಇನ್ನೊಂಚೂರು ಎಡಕ್ಕೆ ಅಕ್ಕಾ," ಅಂದ. ಹಾಗೇ ಇಬ್ಬರೂ ನೂರು ಕಾಲ ಸುಖವಾಗಿದ್ದರು.