ಒಂಬತ್ತನೆಯ ಕಿಟಕಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ, ಹೆಚ್ಚು ಓದಿದವರು ಬೇಕಾದಷ್ಟಿದ್ದಾರೆ. ಆದರೆ ಯಾರೂ ಹೇಳಲಿಲ್ಲ... ಎಲ್ಲಾದರೂ ತಪ್ಪಿದರೆ ದೊಡ್ಡ ಮನಸ್ಸು ಮಾಡಿ.

"ಉಸಿರು ಬಿಡಬೇಡಿ!"

ಅವಳು ಅವನಿಗೆ ಆಡಿದ ಮೊದಲ ಮಾತು ಇದು.

ಮಾಸ್ಕ್ ಕೂಡ ಹಾಕಿಕೊಳ್ಳದೆ ಬಾಗಿಲು ತಳ್ಳಿಕೊಂಡು ಬಂದವನು ನೇರವಾಗಿ ಅವಳ ಟ್ರೇ ಮೇಲೆ ಬಗ್ಗಿದ್ದ. ಅದರಲ್ಲಿ ಉಗುರಿನಷ್ಟಗಲದ ಚಿಪ್‌ಗಳು ಸಾಲಾಗಿ ಒಣಗುತ್ತಿದ್ದವು. ಬೆಳಗಿನಿಂದ ಬೆನ್ನು ಬಗ್ಗಿಸಿ, ಕೂದಲೆಳೆಯಂಥ ಸೂಜಿಯಿಂದ ಅವಳೇ ಒಂದೊಂದಕ್ಕೂ ಹನಿ ಇಟ್ಟಿದ್ದಳು.

ಅವನು ಗಕ್ಕನೆ ನಿಂತ. ಕೆನ್ನೆ ಉಬ್ಬಿಸಿಕೊಂಡು, ಕಣ್ಣರಳಿಸಿಕೊಂಡು ನಿಂತೇ ಇದ್ದ. ಅವಳು ಟ್ರೇಗೆ ಮುಚ್ಚಳ ಹಾಕಿ ತಿರುಗುವಷ್ಟರಲ್ಲಿ ಮುಖವೆಲ್ಲ ಕೆಂಪು!

"ಅಯ್ಯೋ, ಈಗ ಬಿಡಿ!"

ಉಸ್ಸೆಂದು ಬಿಟ್ಟ. "ಅಪ್ಪಣೆ ಇಲ್ದೆ ಹೇಗೆ ಬಿಡೋದು ಟೀಚರಮ್ಮ? ನಾನು ತಂತಿ ಜೋಡಿಸೋನು, ಹೊಸಬ. ಚಿಪ್ ತಗೊಂಡು ಹೋಗೋಕೆ ಬಂದೆ. ಇನ್ನೊಂದು ಚೂರು ಹೊತ್ತು ಹಿಡಿದಿದ್ರೆ ನನ್ನನ್ನೇ ಎತ್ಕೊಂಡು ಹೋಗ್ಬೇಕಿತ್ತು."

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

ಆ ಪ್ರಯೋಗಾಲಯದಲ್ಲಿ ಮಾಡುತ್ತಿದ್ದುದು ಉಸಿರಿನಲ್ಲಿ ರೋಗದ ಗುರುತು ಹಿಡಿಯುವ ಚಿಪ್. ಅದರ ಮೇಲೆ ಹದಿನಾರು ಪುಟ್ಟ ಕಿಟಕಿಗಳು, ಒಂದೊಂದು ಕಿಟಕಿಗೂ ಒಂದೊಂದು ಲೇಪನ. ಒಂದು ಸಕ್ಕರೆ ಕಾಯಿಲೆಯ ಜಾಡು ಹಿಡಿದರೆ ಇನ್ನೊಂದು ಮೂತ್ರಪಿಂಡದ್ದು ಹಿಡಿಯಬೇಕು. ಒಂಬತ್ತನೆಯದು ಶ್ವಾಸಕೋಶದ ಗಡ್ಡೆಗೆ. ಲೇಪನ ಅವಳ ಕೆಲಸ, ತಂತಿ ಅವನ ಕೆಲಸ.

ಆದರೆ ರೋಗ ಯಾವುದೆಂದು ಹೇಳುವ ಮೊದಲು ಚಿಪ್‌ಗೆ ಆರೋಗ್ಯ ಯಾವುದೆಂದು ಗೊತ್ತಿರಬೇಕಲ್ಲ? ಅದಕ್ಕೇ ಪ್ರತಿ ಹೊಸ ಚಿಪ್‌ಗೂ ಮೊದಲು ಆರೋಗ್ಯವಂತನೊಬ್ಬ ಊದಬೇಕು. ಅವನ ಉಸಿರಿಗೆ ಕಿಟಕಿಗಳು ಏನು ತೋರಿಸುತ್ತವೋ ಅದೇ ಸೊನ್ನೆ. ಹಲವರ ಉಸಿರು ತೆಗೆದುಕೊಂಡು ಸರಾಸರಿ ಮಾಡಬೇಕೆಂಬ ಮಾತಿತ್ತು. "ಅದೆಲ್ಲ ಆಮೇಲೆ ನೋಡೋಣ" ಎಂದರು ಅಲ್ಲಿನ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದವರು. ಬೀಡಿ ಇಲ್ಲ, ಸಿಗರೇಟಿಲ್ಲ, ಕಾಫಿಯೂ ಇಲ್ಲ, ಕಂಬದಂಥ ಆಳು ಎಂದು ತಂತಿಯವನನ್ನೇ ಆರಿಸಿದರು.

ಅಂದಿನಿಂದ ಅವನ ಹೆಸರೇ ಸೊನ್ನೆ.

"ಶಾಲೇಲಿ ಸೊನ್ನೆ ತಗೊಂಡ್ರೆ ಬೆತ್ತದ ಏಟು ಬೀಳ್ತಿತ್ತು ಟೀಚರಮ್ಮ. ಇಲ್ಲಿ ಸೊನ್ನೆ ಆಗಿದ್ದಕ್ಕೇ ಸಂಬಳ ಕೊಡ್ತಾರೆ ನೋಡಿ!"

"ಮಾತು ಸಾಕು. ಊದಿ."

ದಿನಾ ಬೆಳಗ್ಗೆ ಅವನು ಅವಳೆದುರು ಸ್ಟೂಲಿನ ಮೇಲೆ ಕೂತು ಕೊಳವೆಗೆ ಊದುತ್ತಿದ್ದ. ಅವಳು ಪರದೆ ನೋಡಬೇಕಿತ್ತು. ನೋಡುತ್ತಿದ್ದುದು ಅವನ ರೆಪ್ಪೆಗಳನ್ನು. 'ಇವರು ನನ್ನನ್ನ ನೋಡ್ತಾರಾ? ನೋಡಿದ್ರೂ ಎಲ್ಲರನ್ನೂ ನೋಡೋ ಹಾಗೇನಾ?' ಕೇಳುವ ಧೈರ್ಯವೆಲ್ಲಿ!

ಮೆಟ್ಟಿಲು ಹತ್ತಿ ಬಂದಾಗ ಕೆಲವೊಮ್ಮೆ ಅವನು ಕೆಮ್ಮುತ್ತಿದ್ದ.

"ಏನ್ರೀ ಅದು?"

"ನಿಮ್ಮ ಬಿಲ್ಡಿಂಗಿನ ಧೂಳು, ಇನ್ನೇನು?"

ಅವಳು ನಂಬಿದಳು.

ಚಿಪ್‌ಗಳನ್ನು ಆಸ್ಪತ್ರೆಗೆ ಕಳಿಸಿ ಬೇರೆ ಆರೋಗ್ಯವಂತರ ಮೇಲೆ ಪರೀಕ್ಷಿಸಿದಾಗ ಶುರುವಾಯಿತು ಗ್ರಹಚಾರ. ಹದಿನೈದು ಕಿಟಕಿಗಳೂ ಸರಿ. ಒಂಬತ್ತನೆಯದು ಮಾತ್ರ, ಯಾರು ಊದಿದರೂ ಸೊನ್ನೆಗಿಂತ ಕೆಳಗೆ!

ದೊಡ್ಡವರು ಇಬ್ಬರನ್ನೂ ಕೋಣೆಗೆ ಕರೆಸಿದರು. "ಲೇಪನದ ತಪ್ಪಾ, ತಂತಿದಾ? ಯಾರಾದ್ರೂ ಒಬ್ರು ಬಾಯಿ ಬಿಡಿ."

ಅವಳದು ಇನ್ನೂ ಕಾಯಂ ಆಗದ ಕೆಲಸ. ಲೇಪನವನ್ನು ಮತ್ತೆ ಮತ್ತೆ ನೋಡಿದ್ದಳು, ತಪ್ಪು ಸಿಕ್ಕಿರಲಿಲ್ಲ. ತಂತಿಯನ್ನು ನೋಡಿಯೇ ಇರಲಿಲ್ಲ. ಆದರೂ...

"ನನ್ನ ಲೇಪನ ಸರಿ ಇದೆ ಸರ್. ತಂತಿನೇ ಇರಬೇಕು."

ಅವನು ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು!

"ಇರಬಹುದು ಸರ್. ನನ್ನದೇ ಇರಬಹುದು" ಎಂದ.

ಸಂಜೆ ಅವಳು ಮೆಟ್ಟಿಲ ಬಳಿ ಕಾದಳು. ಅವನು ಬಂದ, ಒಂದು ಕ್ಷಣ ನಿಂತ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ಟೀಚರಮ್ಮ."

ಅವಳು ಕ್ಷಮೆ ಕೇಳಲು ಬಾಯಿ ತೆರೆಯುವ ಹೊತ್ತಿಗೆ ಅವನು ಬೀದಿ ತಿರುವಿನಲ್ಲಿದ್ದ. ಆಮೇಲೆ ಕೆಲಸಕ್ಕೆ ಬರಲೇ ಇಲ್ಲ.

ಹೊಸ ತಂತಿಯವನು ಬಂದ. ಊದಲು ಸೊನ್ನೆಯೇ ಇಲ್ಲವಲ್ಲ? "ನೀನೇ ಊದಮ್ಮ" ಎಂದರು ದೊಡ್ಡವರು. ಹೊಸ ಚಿಪ್‌ಗಳಿಗೆ ಅವಳೇ ಊದಿದಳು. ಕೆಲವು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ಈ ಸಲ ಒಂಬತ್ತನೆಯ ಕಿಟಕಿ ಎಲ್ಲರ ಉಸಿರಿಗೂ ತೆಪ್ಪಗೆ ಕೂತಿತು.

"ನಾನು ಹೇಳಲಿಲ್ವಾ? ಅವನ ತಂತಿದೇ ತಪ್ಪು!" ಎಂದು ದೊಡ್ಡವರು ಮೇಜು ಕುಟ್ಟಿದರು.

ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ಜೋಡಿಸಿದ್ದ ಚಿಪ್ ಒಂದು ಅವಳ ಡ್ರಾಯರಿನಲ್ಲಿ ಉಳಿದಿತ್ತು. ಯಾಕೆ ಇಟ್ಟುಕೊಂಡಿದ್ದಳೆಂದು ಕೇಳಬೇಡಿ. ಅದಕ್ಕೂ ತಾನೇ ಊದಿ ಸೊನ್ನೆ ಮಾಡಿದಳು. ಆಮೇಲೆ ಆಸ್ಪತ್ರೆಗೆ ಕಳಿಸಿ, ಮೊದಲು ಊದಿದ್ದವರಿಂದಲೇ ಊದಿಸಿದಳು.

ಒಂಬತ್ತನೆಯ ಕಿಟಕಿ ಸೊನ್ನೆಯಿಂದ ಅಲ್ಲಾಡಲಿಲ್ಲ.

ಹಾಗಾದರೆ ಅವನ ತಂತಿಯಲ್ಲಿ ತಪ್ಪಿರಲಿಲ್ಲ. ತನ್ನ ಲೇಪನದಲ್ಲೂ ಇರಲಿಲ್ಲ. ಬದಲಾದದ್ದು ಒಂದೇ... ಉಸಿರು.

ಜನರೆಲ್ಲ ಸೊನ್ನೆಗಿಂತ ಕೆಳಗಿದ್ದದ್ದಲ್ಲ. ಸೊನ್ನೆಯೇ ಮೇಲಿತ್ತು! ಅವನ ಉಸಿರಿನಲ್ಲಿದ್ದ ರೋಗವನ್ನೇ ಆರೋಗ್ಯವೆಂದು ಚಿಪ್‌ಗೆ ಕಲಿಸಿದ್ದರು. ದಿನಾ ಬೆಳಗ್ಗೆ, ಅವಳ ಕಣ್ಣೆದುರೇ.

'ದೇವರೇ... ನಾನು ಪರದೆ ನೋಡಬೇಕಿತ್ತು. ನಾನೇ ನೋಡಲಿಲ್ಲ!'

ಚಿಪ್ ಮತ್ತು ಕೈಯಲ್ಲಿ ಹಿಡಿಯುವ ಯಂತ್ರವನ್ನು ಊಟದ ಡಬ್ಬಿಗೆ ತುಂಬಿಕೊಂಡು ಅವನ ಮನೆಗೆ ಓಡಿದಳು.

ಬಾಗಿಲು ತೆರೆದವರು ಅವನ ಅಕ್ಕ. ಹಿಟ್ಟಿನ ಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಟೀಚರಮ್ಮ ಅಂದ್ರೆ ನೀವೇನಾ? ಇವನು ಹೇಳಿದ್ದು ಕೇಳಿ ಆರಡಿ ಹೆಂಗಸು ಅಂದ್ಕೊಂಡಿದ್ದೆ. ಬನ್ನಿ... ಲೇಟಾಗಿ ಬಂದ್ರಿ, ಆದ್ರೂ ಬನ್ನಿ."

ಅವನು ಕಿಟಕಿ ಪಕ್ಕ ದಿಂಬಿಗೆ ಒರಗಿದ್ದ. ಕಂಬದಂಥ ಆಳು ಎಂದು ದೊಡ್ಡವರು ಕರೆದವನು ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದ. ಮೂಗಿಗೆ ಆಕ್ಸಿಜನ್ ಕೊಳವೆ. ಅವಳ ಕೈಯ ಡಬ್ಬಿ ನೋಡಿದ.

"ಊಟ ತಂದ್ರಾ?"

ಅವಳು ಮುಚ್ಚಳ ತೆಗೆದಳು. ಚಿಪ್ ನೋಡಿ ಅವನು ಮೆಲ್ಲಗೆ ತಲೆಯಾಡಿಸಿದ.

"ಬೇಡ, ಒಳಗಿಡಿ. ನನಗೆ ಗೊತ್ತು. ಡಾಕ್ಟರು ಸ್ಕ್ಯಾನ್ ಮಾಡಿ ಹೇಳಿದ ದಿನ ಮೊದಲು ಹೊಳೆದದ್ದೇ ಅದು. ನಿಮ್ಮ ಲೇಪನ ಸರಿ ಇತ್ತು, ನನ್ನ ತಂತಿನೂ ಸರಿ ಇತ್ತು. ಸೊನ್ನೆನೇ ಸರಿ ಇರಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬರ್ತಿದ್ರಿ. ಕನಿಕರಕ್ಕೆ. ಕನಿಕರಕ್ಕೆ ಬರೋರು ಬೇಕಾದಷ್ಟು ಜನ ಇದ್ದಾರೆ, ನಮ್ಮಕ್ಕ ಎಲ್ರಿಗೂ ಕಾಫಿ ಕೊಟ್ಟು ಸುಸ್ತಾಗಿದ್ದಾಳೆ."

"ನಾನು ಆವತ್ತು ತಂತಿ ನೋಡದೇನೇ ಹೇಳಿದೆ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಕೆಲಸ ಹೋಗುತ್ತೆ ಅಂತ ಭಯ... ಆಮೇಲೆ ನಿಮ್ಮ ಮುಖ ನೋಡೋಕೆ ಭಯ..."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ಟೀಚರಮ್ಮ ತಪ್ಪು ಅಂತ ಎಲ್ರ ಎದುರಿಗೆ ಹೇಗೆ ಹೇಳೋದು?"

ಅವಳು ಅವನ ಮಂಚದ ಅಂಚಿನಲ್ಲಿ ಕುಸಿದು ಕೂತಳು. "ನೀನಿಲ್ಲದ ಸ್ಟೂಲನ್ನ ನೋಡೋಕಾಗಲ್ಲ ನನಗೆ. ನಾನು ಇಲ್ಲೇ ಇರ್ತೀನಿ." 'ನೀನು' ಎಂದು ಅವಳು ಕರೆದದ್ದು ಅದೇ ಮೊದಲು.

ಅವನು ಮುಖ ಗೋಡೆಯ ಕಡೆ ತಿರುಗಿಸಿದ. "ಬೇಡ. ಇದು ವಾಸಿಯಾಗೋದಲ್ಲ. ಎಷ್ಟು ದಿನ ಅಂತ ಡಾಕ್ಟರೂ ಹೇಳ್ತಿಲ್ಲ. ನನ್ನ ಹತ್ರ ಕೊಡೋಕೆ ಏನೂ ಉಳಿದಿಲ್ಲ."

"ನಾನು ಏನಾದ್ರೂ ಕೇಳಿದ್ನಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಅಕ್ಕ ಗೋಡೆಗೆ ಕಿವಿಗೊಟ್ಟಿರಬೇಕು.

ಅವನ ಭುಜ ಅಲ್ಲಾಡುತ್ತಿಲ್ಲ ಎಂಬುದು ತಟ್ಟನೆ ಅವಳ ಗಮನಕ್ಕೆ ಬಂತು. ಬಗ್ಗಿ ನೋಡಿದರೆ... ಕೆನ್ನೆ ಉಬ್ಬಿಸಿಕೊಂಡು, ಕಣ್ಣರಳಿಸಿಕೊಂಡಿದ್ದಾನೆ! ಕಣ್ಣ ಅಂಚಿನಿಂದ ನೀರು ಇಳಿಯುತ್ತಿತ್ತು.

"ಥೂ ನಿನ್ನ... ಇದು ಆಟ ಆಡೋ ಹೊತ್ತಾ? ಬಿಡು, ಬಿಡು ಈಗ!"

ಅವನು ಬಿಟ್ಟ. ತುಂಬ ಹೊತ್ತು ಹಿಡಿಯಲು ಮೊದಲಿನ ಹಾಗೆ ಆಗಿರಲಿಲ್ಲ. ಆ ಉಸಿರು ಅವಳ ಅಂಗೈ ಮೇಲೆ ಹರಿಯಿತು, ಬೆಚ್ಚಗೆ.

"ನೀನು ಮೊದಲ ದಿನ ಹೇಳಿದ್ದು ಉಸಿರು ಬಿಡಬೇಡಿ ಅಂತ" ಎಂದ. "ಆವತ್ತಿಂದ ಹಿಡ್ಕೊಂಡೇ ಇದ್ದೆ."

"ಇನ್ನು ಮೇಲೆ ಹಿಡ್ಕೋಬೇಡ."

"ಅಪ್ಪಣೆ."

ಅವಳು ಮುಷ್ಟಿ ಮುಚ್ಚಿಕೊಂಡಳು.

ಬೇರೆ ಯಾರಾದರೂ ಮೊದಲು ಊದಿದ್ದರೆ ಆ ಕಿಟಕಿ ಅವನನ್ನು ಹೊತ್ತಿಗೆ ಸರಿಯಾಗಿ ಹಿಡಿಯುತ್ತಿತ್ತೇ, ಹಿಡಿದಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಅವಳು ಡಾಕ್ಟರನ್ನು ಕೇಳಿದಳು. ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.