ಮೇಷ್ಟ್ರು ನುಂಗಿದ ಮಾತು

ಸಿಸ್ಟರಮ್ಮ ಹೇಳಿದ ತಮಾಷೆಗೆ ಆ ಶನಿವಾರ ಒಬ್ಬರೂ ನಗಲಿಲ್ಲ.

ಮದುವೆ ನಿಶ್ಚಯವಾದ ಜೋಡಿಗಳಿಗೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ನಡೆಯುವ ಪಾಠ ಅದು. ಅವಳು ಕನ್ನಡದಲ್ಲಿ ಹೇಳುವುದು, ಗಂಡ ಮೇಷ್ಟ್ರು ಪಕ್ಕದಲ್ಲಿ ನಿಂತು ಆ ಪರದೇಶದ ಭಾಷೆಗೆ ತಿರುಗಿಸುವುದು.

"ಮದುವೆಯಾದ ಹೊಸದರಲ್ಲಿ ಇವರ ಗೊರಕೆ ಕೇಳಿ, ಯಾರೋ ಬಾಗಿಲ ಮುಂದೆ ಮೋಟರ್ ಸೈಕಲ್ ಸ್ಟಾರ್ಟ್ ಮಾಡ್ತಿದಾರೆ ಅಂದ್ಕೊಂಡೆ. ಈಗ ಆ ಸದ್ದು ಇಲ್ಲದಿದ್ರೆ ನನಗೆ ನಿದ್ದೇನೇ ಬರಲ್ಲ," ಎಂದು ತಾನೇ ಮೊದಲು ನಕ್ಕಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ದಾಂಪತ್ಯದಲ್ಲಿ ಸಹನೆ ಬಹಳ ಮುಖ್ಯ," ಎಂದು ಅಲ್ಲಿಯ ಭಾಷೆಯಲ್ಲಿ ಹೇಳಿ ಮುಗಿಸಿದರು. ಎದುರಿಗಿದ್ದ ಹುಡುಗ ಹುಡುಗಿಯರು ಗಂಭೀರವಾಗಿ ತಲೆಯಾಡಿಸಿದರು.

ಮನೆಗೆ ನಡೆದು ಬರುವಾಗ ಅವಳು ಕೇಳಿದಳು. "ಈ ಜನಕ್ಕೆ ನಗೋದೇ ಗೊತ್ತಿಲ್ವೇನ್ರೀ?"

"ಅವರ ಸ್ವಭಾವ ಹಾಗೆ. ಗಂಭೀರ ಜನ."

"ನಿಮ್ಮ ಚಿಕ್ಕಪ್ಪನ ಮನೆಯವರ ಥರ," ಎಂದು ಕನ್ನಡಕದ ಮೇಲಿನಿಂದ ಓರೆಗಣ್ಣಲ್ಲಿ ನೋಡಿದಳು. ಇಷ್ಟು ವರ್ಷವಾದರೂ ಆ ನೋಟಕ್ಕೆ ಮೇಷ್ಟ್ರ ಎದೆ ಒಮ್ಮೆ ತಡವರಿಸುತ್ತಿತ್ತು. ಅಂದು ಮಾತ್ರ ಮುಖ ತಪ್ಪಿಸಿ ಫುಟ್‌ಪಾತ್ ನೋಡುತ್ತ ನಡೆದರು.

ಅವರು ಹೈಸ್ಕೂಲಿನಲ್ಲಿ ಭಾಷಾ ಪಾಠ ಮಾಡಿ ನಿವೃತ್ತರಾದವರು. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಸಿಸ್ಟರಮ್ಮ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಮಗಳ ಮದುವೆ ಮುಗಿಸಿ, ಇನ್ನು ಸ್ವಲ್ಪ ಕಾಲ ದೇವರ ಕೆಲಸ ಮಾಡೋಣವೆಂದು ಇಬ್ಬರೂ ಒಪ್ಪಿಕೊಂಡಾಗ ಚರ್ಚಿನ ಸಭೆಯವರು ಈ ದೂರದ ದೇಶಕ್ಕೆ ಕಳಿಸಿದ್ದರು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಮಂದಿರದ ಕಿಟಕಿ ತೆಗೆದು ಕಸ ಗುಡಿಸುವುದು, ಮಧ್ಯಾಹ್ನ ಆಸ್ಪತ್ರೆ, ಸಂಜೆ ಯಾರದಾದರೂ ಮನೆ. ವಾಸಕ್ಕೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊಬ್ಬರು ಬಾಲ್ಕನಿಗೆ ಹೋಗಿ ನಿಲ್ಲಬೇಕಾದಷ್ಟು ಅಡುಗೆಮನೆ. ಅಲ್ಲಿಯ ಭಾಷೆಯನ್ನು ಮೇಷ್ಟ್ರು ಹಟ ಹಿಡಿದು ಕಲಿತರು. ಸಿಸ್ಟರಮ್ಮ ಎದುರುಮನೆಯ ದರ್ಜಿ ಹೆಂಗಸಿನ ಜೊತೆ ಕೂತು ಸೂಜಿ, ದಾರ, ಉಪ್ಪು, ಮಗು, ಮಳೆ ಎಂದು ಚಿಲ್ಲರೆ ಪದ ಕೂಡಿಸಿಕೊಂಡಿದ್ದಳು, ಅಷ್ಟೆ.

ಮಾತು ತಿದ್ದುವ ಚಟ ಮೇಷ್ಟ್ರಿಗೆ ಹತ್ತಿದ್ದು ಬಂದ ಹೊಸತರಲ್ಲಿ. ಹಿರಿಯ ಪಾದ್ರಿ ದಂಪತಿ ನೋಡಲು ಬಂದಿದ್ದರು. ಸಿಸ್ಟರಮ್ಮ ಕೈಕುಲುಕುವ ಬದಲು ಪಾದ್ರಿಯ ನಾಡಿ ಹಿಡಿದು, "ನಿಮಗೆ ನಿದ್ದೆ ಸಾಲ್ತಿಲ್ಲ," ಎಂದು ಜೋರಾಗಿ ನಕ್ಕಿದ್ದಳು. ಪಾದ್ರಿಯ ಹೆಂಡತಿ ತುಟಿ ಬಿಗಿದು ಕಿಟಕಿಯ ಕಡೆ ನೋಡಿದರು. ಆ ಒಂದು ನೋಟಕ್ಕೆ ಮೇಷ್ಟ್ರು ಹಿಡಿಯಷ್ಟಾಗಿಹೋದರು. ಅಂದಿನಿಂದ ಅವಳ ಮಾತು ಅವರ ಬಾಯಿಗೆ ಬರುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿಯಾಗಿರುತ್ತಿತ್ತು.

ವಿಚಿತ್ರವೆಂದರೆ, ಅದೇ ನಗುವಿಗೆ ಮಾರುಹೋಗಿ ಅವಳನ್ನು ಮದುವೆಯಾದವರು ಅವರು. ಕೈ ಮುರಿದುಕೊಂಡು ಆಸ್ಪತ್ರೆ ಸೇರಿದ್ದಾಗ, ವಾರ್ಡಿನ ಆ ತುದಿಯಲ್ಲಿ ಕೇಳಿಸಿದ ನಗು ಯಾರದೆಂದು ನೋಡಲು ಬ್ಯಾಂಡೇಜ್ ಸಮೇತ ಎದ್ದು ಹೋಗಿ ಬೈಸಿಕೊಂಡಿದ್ದರು.

ಮಂದಿರದ ಎದುರಿನ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ ಹಿಂದಿನ ವರ್ಷ ಇವರ ಶನಿವಾರದ ಪಾಠಕ್ಕೆ ಬಂದು ಮದುವೆಯಾದವಳು. ತುಂಬಿದ ಬಸುರಿಯಾಗಿದ್ದಳು. ಮಗು ಹೊಟ್ಟೆಯಲ್ಲೇ ಹೋಯಿತೆಂದು ತಿಳಿದು ಮೇಷ್ಟ್ರೂ ಸಿಸ್ಟರಮ್ಮನೂ ಆಸ್ಪತ್ರೆಗೆ ಓಡಿದರು.

ಸಿಸ್ಟರಮ್ಮ ಮಂಚದ ಅಂಚಿಗೆ ಕೂತು ಅವಳ ಕೈ ತೆಗೆದುಕೊಂಡಳು. "ನನ್ನ ಮೊದಲನೇದೂ ಹೀಗೇ ಹೋಯ್ತಮ್ಮ. ಗಂಡುಮಗು. ಎಲ್ರೂ ದೇವರ ಚಿತ್ತ ಅಂದ್ರು. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಆ ದೇವರ ಜೊತೇನೇ ಮಾತು ಬಿಟ್ಟೆ. ಪ್ರಾರ್ಥನೆಗೆ ಹೋಗಿ ಸುಮ್ನೆ ಕೂತು ಎದ್ದು ಬರ್ತಿದ್ದೆ. ನಿನಗೂ ಬಿಡಬೇಕು ಅನ್ನಿಸಿದ್ರೆ ಬಿಡು. ಅವನು ಕಾಯ್ತಾನೆ."

ಮೇಷ್ಟ್ರ ಕಿವಿ ಬಿಸಿಯಾಯಿತು. ಧರ್ಮಸೇವೆಗೆ ಬಂದವಳು ಆಡುವ ಮಾತೇ ಇದು? ಅದಕ್ಕಿಂತ ಹೆಚ್ಚಾಗಿ, ಆ ಮಗುವಿನ ಸುದ್ದಿ. ಮನೆಯಲ್ಲಿ ಅವರು ಎಂದೂ ಎತ್ತದ ಸುದ್ದಿ.

"ಎಲ್ಲವೂ ದೇವರ ಚಿತ್ತ," ಎಂದು ಹುಡುಗಿಗೆ ಹೇಳಿದರು. "ಪ್ರಾರ್ಥನೆ ಬಿಡಬೇಡ ಅನ್ನುತ್ತಿದ್ದಾಳೆ."

ಹುಡುಗಿ ಸಿಸ್ಟರಮ್ಮನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಸಿಸ್ಟರಮ್ಮ ಸ್ವಲ್ಪ ಹೊತ್ತು ತನ್ನ ಖಾಲಿ ಅಂಗೈ ನೋಡುತ್ತ ಕೂತಿದ್ದಳು.

"ಇವರ ಭಾಷೇಲಿ ಮಗುವಿಗೆ ಏನಂತಾರೆ, ನನಗೆ ಗೊತ್ತು ರೀ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಆ ಪದ ನಿಮ್ಮ ಬಾಯಿಂದ ಬರಲೇ ಇಲ್ಲ."

ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು ಅವರಿಗೆ. ಅವಳು ದನಿ ಏರಿಸಲಿಲ್ಲ. ಮನೆಗೆ ಬಂದು, ಅನ್ನಕ್ಕಿಟ್ಟು, ತಟ್ಟೆ ಹಾಕುವಾಗ ಕೇಳಿದಳು.

"ಶನಿವಾರ ನಾನು ಏನೇನೋ ಹೇಳ್ತೀನಲ್ಲ. ಅದೂ ಹೀಗೇನಾ?"

"ಹಾಗಲ್ಲ ಕಣೇ. ಭಾಷೆಯಿಂದ ಭಾಷೆಗೆ ಸ್ವಲ್ಪ..."

"ನನ್ನ ಬಗ್ಗೆ ನಾಚಿಕೆನಾ ನಿಮಗೆ?"

"ಛೆ, ಇಲ್ಲಪ್ಪ," ಎಂದರು. ಆ ದನಿ ಅವರಿಗೇ ನಂಬಿಕೆ ಬರುವಂತಿರಲಿಲ್ಲ.

ಆಮೇಲೆ ಅವಳು ಅವರನ್ನು ಯಾವುದಕ್ಕೂ ಕರೆಯಲಿಲ್ಲ. ಬೆಳಗಿನ ಮಾತ್ರೆ, ಬಿಸಿನೀರು ಮೇಜಿನ ಮೇಲೆ ಎಂದಿನಂತೆ ಇರುತ್ತಿತ್ತು. ಮಾತಿರಲಿಲ್ಲ. ಮನೆಮನೆಗೆ ಹೋಗುವಾಗ ದರ್ಜಿ ಹೆಂಗಸನ್ನು ಜೊತೆಗೆ ಕರೆದುಕೊಂಡು, ಅರೆಬರೆ ಪದದಲ್ಲಿ, ಕೈಸನ್ನೆಯಲ್ಲಿ ನಿಭಾಯಿಸುತ್ತಿದ್ದಳು. ಮಗಳು ವಿಡಿಯೋ ಕಾಲ್ ಮಾಡಿ, "ಅಪ್ಪಾ, ಅಮ್ಮ ಯಾಕೆ ಇಷ್ಟು ಸುಮ್ನಿದಾಳೆ?" ಎಂದರೆ, "ನೆಟ್‌ವರ್ಕ್ ಸರಿಯಿಲ್ಲಮ್ಮ," ಎಂದು ಮೇಷ್ಟ್ರು ಫೋನನ್ನು ಆಚೆ ಈಚೆ ತಿರುಗಿಸಿದರು.

ಮುಂದಿನ ಶನಿವಾರ ಪಾಠಕ್ಕೆ ಬಂದಳು. ಕುರ್ಚಿಯ ಮೇಲೆ ಕೂತು ಹೇಳಿದಳು, "ನೀವೇ ಮಾತಾಡಿ. ಹೇಗೂ ನನ್ನ ಮಾತೂ ನಿಮ್ಮದೇ ತಾನೆ."

ಅಂದಿನ ವಿಷಯ, ಗಂಡ ಹೆಂಡಿರ ನಡುವಿನ ಪ್ರಾಮಾಣಿಕತೆ. ಜೋಡಿಗಳು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. ಮೇಷ್ಟ್ರ ವ್ಯಾಕರಣ ಒಂದು ಕಡೆಯೂ ತಪ್ಪಲಿಲ್ಲ. ಒಂದೊಂದು ವಾಕ್ಯ ಹೇಳಿದಾಗಲೂ ಪಕ್ಕದ ಕುರ್ಚಿಯ ಕಡೆ ಕಣ್ಣು ಹೋಗುತ್ತಿತ್ತು. ಅವಳು ಸೀರೆಯ ಸೆರಗಿನ ನೂಲೊಂದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಪಾಠ ಅರ್ಧವಾಗಿತ್ತು. ಮೇಷ್ಟ್ರು ಪುಸ್ತಕ ಮಡಚಿದರು. ತಲೆನೋವೆಂದು ಹೇಳಿ ಎಲ್ಲರನ್ನೂ ಕಳಿಸಿಬಿಟ್ಟರು.

ಸೋಮವಾರ ಬೆಳಿಗ್ಗೆ ಒಬ್ಬರೇ ಬೇಕರಿಯ ಮೇಲಿನ ಮನೆಗೆ ಹೋದರು. ಹುಡುಗಿ ಆಸ್ಪತ್ರೆಯಿಂದ ಬಂದು ಅಲ್ಲಿದ್ದಳು. ಅತ್ತೆ ಬಾಗಿಲು ತೆಗೆದು, ಪ್ರಾರ್ಥನೆಗೆ ಬಂದಿರಬೇಕೆಂದು ಕುರ್ಚಿ ಹಾಕಿ ಒಳಗೆ ಹೋದರು. ಮೇಷ್ಟ್ರು ಕೂರಲಿಲ್ಲ.

"ಅವತ್ತು ನನ್ನ ಹೆಂಡತಿ ಹೇಳಿದ್ದನ್ನು ನಾನು ನಿನಗೆ ಹೇಳಲಿಲ್ಲ," ಎಂದರು. "ನನ್ನ ಮಾತನ್ನು ಅವಳದೆಂದು ಹೇಳಿದೆ."

ಆಮೇಲೆ ಒಂದೊಂದಾಗಿ ಹೇಳಿದರು. ಗಂಡುಮಗು. ದೇವರ ಮೇಲಿನ ಸಿಟ್ಟು. ಸುಮ್ಮನೆ ಕೂತು ಎದ್ದು ಬಂದ ಪ್ರಾರ್ಥನೆಗಳು. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು.

"ನೀವೂ ದೇವರ ಜೊತೆ ಮಾತು ಬಿಟ್ಟಿರಾ?"

ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಇಲ್ಲ," ಎಂದರು. "ನಾನು ದೇವರ ಜೊತೆ ತುಂಬಾ ಮಾತಾಡಿದೆ. ಬಿಟ್ಟಿದ್ದು ಅವಳ ಜೊತೆ."

ಹುಡುಗಿ ಹೊದಿಕೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಳು ಇಳಿದ ಮೇಲೆ, "ಅವರನ್ನು ಕರೆದುಕೊಂಡು ಬನ್ನಿ," ಎಂದಳು.

ಮೇಷ್ಟ್ರು ಮನೆ ತಲುಪಿದಾಗ ಸಿಸ್ಟರಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಎಲ್ಲ ಹೇಳಿದರು. ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ನಮ್ಮ ಮಗು ಅಂದ್ರಾ? ಅವರ ಭಾಷೇಲಿ?"

"ಹೂಂ."

"ಕನ್ನಡದಲ್ಲಿ ಒಂದ್ಸಲ ಅನ್ನಿ."

"ನಮ್ಮ..." ಎಂದರು. ತಂತಿಯ ಮೇಲಿನ ಟವೆಲ್ಲಿನ ಅಂಚು ಹಿಡಿದು ನಿಂತರು. "ನಮ್ಮ ಮಗು," ಎಂದರು ಕೊನೆಗೆ. ಕನ್ನಡಕ ಮಂಜಾಯಿತು. "ನೀನು ನಗ್ತಿದ್ದೆಯಲ್ಲ, ಆ ವಾರ್ಡಿನಲ್ಲಿ. ಅದಕ್ಕೇ ಮನಸು ಕೊಟ್ಟವನು ನಾನು. ಇಲ್ಲಿ ಬಂದು, ಯಾರೋ ತುಟಿ ಬಿಗಿದರು ಅಂತ, ಅದಕ್ಕೇ ನಾಚಿಕೆಪಟ್ಟೆ. ಈಗ ನನಗೆ ನನ್ನ ಮೇಲೇ ನಾಚಿಕೆ ಆಗ್ತಿದೆ."

ಸಿಸ್ಟರಮ್ಮ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. ಬಟ್ಟೆಯ ರಾಶಿಯನ್ನು ಅವರ ತೋಳಿಗೆ ಹಾಕಿದಳು. "ಹಿಡ್ಕೊಳ್ಳಿ. ಸೀರೆ ಬದಲಾಯಿಸಿ ಬರ್ತೀನಿ."

ಆ ಮಧ್ಯಾಹ್ನ ಬೇಕರಿಯ ಮೇಲಿನ ಕೋಣೆಯಲ್ಲಿ ಮೇಷ್ಟ್ರು ಗೋಡೆಗೊರಗಿ ನಿಂತು, ಬಂದ ಮಾತನ್ನು ಬಂದಂತೆಯೇ ದಾಟಿಸಿದರು. ಹುಡುಗಿ, ಮಗುವಿನ ಮುಖ ನೋಡಲು ತನಗೆ ಧೈರ್ಯ ಬರಲಿಲ್ಲ ಎಂದಳು. ತನ್ನ ಮಗುವನ್ನು ತಾನು ನೋಡಿದ್ದೆ, ಮೂಗು ಥೇಟ್ ಇವರದೇ ಎಂದಳು ಸಿಸ್ಟರಮ್ಮ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಅವರು ನೋಡಿರಲಿಲ್ಲ. ಆದರೂ ಒಂದು ಪದವನ್ನೂ ನುಂಗದೆ ಹೇಳಿದರು.

ಹುಡುಗಿ ಇಬ್ಬರನ್ನೂ ನೋಡಿದಳು. "ನಿಮ್ಮನ್ನು ಕ್ಷಮಿಸಿದಾರಾ ಅಂತ ಅವರನ್ನು ಕೇಳಿ," ಎಂದಳು ಮೇಷ್ಟ್ರಿಗೆ.

ಮೇಷ್ಟ್ರು ಆ ಪ್ರಶ್ನೆಯನ್ನೂ ಕನ್ನಡಕ್ಕೆ ತಂದರು. ಹೆಂಡತಿಯ ಮುಖ ನೋಡುವ ಧೈರ್ಯ ಸಾಲದೆ ಅವಳ ಚಪ್ಪಲಿಯ ಕಡೆ ನೋಡುತ್ತ ಹೇಳಿದರು.

"ಇವರು ಏನೇನೋ ಹೇಳಿದ್ರು," ಎಂದಳು ಸಿಸ್ಟರಮ್ಮ. "ಕ್ಷಮೆ ಮಾತ್ರ ಇನ್ನೂ ಕೇಳಿಲ್ಲ. ಕೇಳದೆ ಹೇಗೆ ಕೊಡ್ಲಿ?"

ಅದನ್ನೂ ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದರು. ಆಮೇಲೆ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ ಕೂತು, ತಗ್ಗಿದ ದನಿಯಲ್ಲಿ ಹೆಂಡತಿಗೆ ಕನ್ನಡದಲ್ಲಿ ಏನೋ ಹೇಳಿದರು. ಗುಟ್ಟಿನಂಥ ನಾಲ್ಕು ಮಾತು.

"ಏನಂದರು?" ಎಂದು ಹುಡುಗಿ ಸಿಸ್ಟರಮ್ಮನನ್ನು ಕೇಳಿದಳು.

ಮೇಷ್ಟ್ರು ಅಭ್ಯಾಸಬಲದಿಂದ ಬಾಯಿ ತೆರೆದರು. ಸಿಸ್ಟರಮ್ಮ ಅವರ ಭುಜದ ಮೇಲೆ ಕೈಯಿಟ್ಟು ತಡೆದಳು. ದರ್ಜಿ ಹೆಂಗಸು ಕಲಿಸಿದ ಪದಗಳಲ್ಲಿ ಹುಡುಕಿ, ಒಂದನ್ನು ತಪ್ಪು ಹೇಳಿ, ಮತ್ತೆ ತಿದ್ದಿಕೊಂಡು, ತಾನೇ ಹೇಳಿದಳು.

"ಇವರು ಕೇಳಿದರು. ನಾನು ಕೊಟ್ಟೆ."